ಖುಕ್ರಿ ಮುಳುಗಿದ್ದೇಕೆ? - 1971ರ ಕಡಲ ಯುದ್ಧದ ಲೆಕ್ಕಾಚಾರ



ನಿಮ್ಮ ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆಯಲ್ಲಿ ವಿಜಯಪುರವನ್ನು ಹುಡುಕಿ, ಅಲ್ಲಿಂದ ಪಶ್ಚಿಮಕ್ಕೆ ಕಡಲಿನವರೆಗೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆ 200 ಕಿಲೋಮೀಟರಿಗೂ ಉದ್ದವಾಗುತ್ತದೆ, ನಡುವೆ ಸಹ್ಯಾದ್ರಿಯ ಗೋಡೆ ಬೇರೆ. ಬರದ ವರ್ಷಗಳಲ್ಲಿ ತಿಕೋಟಾದ ರೈತರು ದ್ರಾಕ್ಷಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ತಂದದ್ದನ್ನು ನೀವು ಕೇಳಿದ್ದೀರಿ. ಬಬಲೇಶ್ವರದ ಕಡೆಯವರು ಕೃಷ್ಣೆಯ ನೀರನ್ನು ಪಂಪಿನಿಂದ ಮೇಲೆತ್ತಿ ತರುವ ಏತ ನೀರಾವರಿಗಾಗಿ ವರ್ಷಗಟ್ಟಲೆ ಕಾದವರು. ಕೊಡ ನೀರಿನ ಬೆಲೆ ಬಲ್ಲ ನಮಗೆ ಕಡಲಿನ ಯುದ್ಧದ ಉಸಾಬರಿ ಏಕೆ ಎಂದು ನೀವು ಕೇಳಬಹುದು.

ನಿಮ್ಮ ಊರಿನ ಇತಿಹಾಸದಿಂದಲೇ ಉತ್ತರ ಹುಡುಕೋಣ. ವಿಜಯಪುರದ ಕೋಟೆಗೋಡೆ ಕಟ್ಟಿಸಿದ ಒಂದನೆಯ ಅಲಿ ಆದಿಲ್ ಶಾಹ 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ದಖ್ಖನಿನ ಬಲಶಾಲಿ ಅರಸರಲ್ಲಿ ಒಬ್ಬನಾದ. ಆದರೆ ಗೋವಾ ಮಾತ್ರ ಅವನ ಮನೆತನದ ಕೈಬಿಟ್ಟು ಹೋಗಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಗೆದ್ದುಕೊಂಡಿದ್ದ. 1570ರ ಕೊನೆಯಲ್ಲಿ ಅಲಿ ಆದಿಲ್ ಶಾಹ ದೊಡ್ಡ ಸೈನ್ಯದೊಡನೆ ಗೋವೆಗೆ ಮುತ್ತಿಗೆ ಹಾಕಿದ. ಅದೇ ಹೊತ್ತಿಗೆ ಅಹಮದ್‌ನಗರದ ಸುಲ್ತಾನ ಚೌಲ್ ಬಂದರಿಗೆ ಮುತ್ತಿಗೆ ಹಾಕಿದ. ನೆಲದ ಮೇಲೆ ಕುದುರೆ, ಆನೆ, ತೋಪು, ಕಾಲಾಳು ಎಲ್ಲದರಲ್ಲೂ ವಿಜಯಪುರದ್ದೇ ಮೇಲುಗೈ. ಆದರೂ ಹತ್ತಾರು ತಿಂಗಳು ಕಾದು, 1571ರ ಡಿಸೆಂಬರ್‌ನಲ್ಲಿ ಸಂಧಿ ಮಾಡಿಕೊಂಡು ಹಿಂದಿರುಗಬೇಕಾಯಿತು. ಕಾರಣ ಸರಳ. ಗೋವೆಯ ಬೆನ್ನಿಗೆ ಕಡಲಿತ್ತು, ಕಡಲ ದಾರಿ ಪೋರ್ಚುಗೀಸರ ಹಡಗುಗಳ ವಶದಲ್ಲಿತ್ತು. ಒಂದು ಬಾಗಿಲು ತೆರೆದೇ ಇರುವ ಮನೆಗೆ ಮೂರು ಕಡೆಯಿಂದ ಬೀಗ ಹಾಕಿ ಏನು ಪ್ರಯೋಜನ?

ಅದಾಗಿ ಸರಿಯಾಗಿ ನಾಲ್ಕು ನೂರು ವರ್ಷಕ್ಕೆ, 1971ರ ಡಿಸೆಂಬರ್‌ನಲ್ಲಿ, ಅದೇ ಅರಬ್ಬೀ ಸಮುದ್ರದಲ್ಲಿ ಭಾರತ ಮತ್ತು ಪಾಕಿಸ್ತಾನದ ನೌಕಾಪಡೆಗಳು ಎದುರಾದವು. ಬಾಂಗ್ಲಾದೇಶ ಹುಟ್ಟಿದ ಆ ಯುದ್ಧ ನಡೆದದ್ದು ಕೇವಲ ಹದಿಮೂರು ದಿನ. ಭೂಸೇನೆಯ ಕಥೆಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಹಾಕುವ ಚಿತ್ರವನ್ನೂ ನೋಡಿದ್ದೀರಿ. ಕಡಲಿನ ಕಥೆಗೆ ಅಂಥ ಚಿತ್ರವಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದೊಂದು ತಲೆನೋವು. ರಾತ್ರಿ ಕತ್ತಲಲ್ಲಿ, ಕ್ಯಾಮೆರಾ ಇಲ್ಲದ ಕಡೆ ಹಡಗುಗಳು ಮುಳುಗಿದವು. ಪರದೆಯ ಮೇಲೆ ತೋರಿಸಲಾಗದ್ದನ್ನು ಈ ಪುಟಗಳಲ್ಲಿ ಬರೆದು ಹೇಳುವುದೇ ಮೇಲು.

ಮೊದಲು ಆರು ವರ್ಷ ಹಿಂದಕ್ಕೆ ಹೋಗೋಣ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರ ರಾತ್ರಿ, ಪಾಕಿಸ್ತಾನದ ಹಡಗುಗಳು ಗುಜರಾತಿನ ದ್ವಾರಕೆಯ ಹತ್ತಿರ ಬಂದು ಗುಂಡು ಹಾರಿಸಿ ಹೋದವು. ನಷ್ಟ ಹೆಚ್ಚೇನೂ ಆಗಲಿಲ್ಲ. ಆದರೆ ನಮ್ಮ ನೌಕಾಪಡೆಗೆ ಅದು ಮರೆಯಲಾಗದ ಅವಮಾನ. ಪೋರಬಂದರಿನ ಅಕ್ಷಾಂಶದಿಂದ ಉತ್ತರಕ್ಕೆ ಹೋಗಬಾರದೆಂದು ಆಗ ಸರಕಾರವೇ ನೌಕಾಪಡೆಯ ಕೈ ಕಟ್ಟಿತ್ತು. 1970ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಎಸ್.ಎಂ. ನಂದಾ ಆ ಕಟ್ಟನ್ನು ಬಿಚ್ಚಿಸಲು ಹೊರಟರು. ಯುದ್ಧವಾದರೆ ಕರಾಚಿಯ ಮೇಲೆ ದಾಳಿ ಮಾಡಲು ಪ್ರಧಾನಿ ಇಂದಿರಾ ಗಾಂಧಿಯವರಿಂದ ಮುಂಚಿತವಾಗಿಯೇ ಒಪ್ಪಿಗೆ ಪಡೆದರು. ಅವರು ಓದಿ ಬೆಳೆದ ಊರೇ ಕರಾಚಿ. ಅಲ್ಲಿಯ ಬಂದರಿನ ಮೂಲೆಮೂಲೆಯೂ ಅವರಿಗೆ ಗೊತ್ತಿತ್ತು.

ಒಪ್ಪಿಗೆ ಸಿಕ್ಕಿತು, ಆಯುಧ ಯಾವುದು? ಇಲ್ಲಿ ಸ್ವಲ್ಪ ಜಗತ್ತಿನ ಸುದ್ದಿಯನ್ನೂ ನೋಡಬೇಕು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪುಟ್ಟ ದೋಣಿಗಳು ಇಸ್ರೇಲಿನ ಐಲಾಟ್ ಎಂಬ ದೊಡ್ಡ ವಿಧ್ವಂಸಕ ಹಡಗನ್ನು ರಷ್ಯದ ಕ್ಷಿಪಣಿಗಳಿಂದ ಮುಳುಗಿಸಿದವು. ಹಡಗಿನಿಂದ ಹಾರಿಸಿದ ಕ್ಷಿಪಣಿಯೊಂದು ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ಸಾವಿರಾರು ಟನ್ ತೂಕದ ಹಡಗಿಗೆ ಇನ್ನೂರು ಟನ್ ಕೂಡ ಇರದ ದೋಣಿ ಸಾಕು ಎಂದಾಯಿತು. ಅದೇ ಕುಲದ ಕ್ಷಿಪಣಿ ಹೊತ್ತ, ಓಸಾ ವರ್ಗದ ಎಂಟು ದೋಣಿಗಳನ್ನು ಭಾರತ ಸೋವಿಯತ್ ಒಕ್ಕೂಟದಿಂದ ಕೊಂಡಿತು. ಒಂದೊಂದರ ಮೇಲೂ ನಾಲ್ಕು ಕ್ಷಿಪಣಿ. ಅವುಗಳ ವ್ಯಾಪ್ತಿ ಸುಮಾರು 40 ಕಿಲೋಮೀಟರ್. 1971ರ ಮೊದಲ ತಿಂಗಳುಗಳಲ್ಲಿ ಅವು ಬಂದಿಳಿದವು.

ಬಂದಿಳಿದ ಕಥೆಯೇ ಸ್ವಾರಸ್ಯವಾಗಿದೆ. ಹಡಗಿನಿಂದ ಆ ದೋಣಿಗಳನ್ನು ಎತ್ತಿ ನೀರಿಗಿಳಿಸುವಷ್ಟು ಬಲದ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಆದ್ದರಿಂದ ಕಲ್ಕತ್ತೆಯಲ್ಲಿ ಇಳಿಸಿದರು. ಅಲ್ಲಿಂದ ದಕ್ಷಿಣದ ತುದಿ ಸುತ್ತಿ ಮುಂಬಯಿಗೆ, ಬೇರೆ ಹಡಗುಗಳಿಗೆ ಹಗ್ಗ ಕಟ್ಟಿ ಎಳೆದು ತಂದರು. ಕೆಟ್ಟ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಊರಿಗೆ ತರುತ್ತಾರಲ್ಲ, ಹಾಗೆ. ಈ ದೋಣಿಗಳು ಬಂದರು ಕಾಯಲು ಕಟ್ಟಿದವು. ಓಟ ಜೋರು, ಆದರೆ ಇಂಧನ ಬೇಗ ಮುಗಿಯುತ್ತದೆ, ದೂರ ಹೋಗಲಾರವು. ಎಳೆದು ತಂದ ಅನುಭವದಿಂದ ಒಂದು ಯೋಚನೆ ಹೊಳೆಯಿತು. ಕಲ್ಕತ್ತೆಯಿಂದ ಮುಂಬಯಿಗೆ ಎಳೆಯಬಹುದಾದರೆ, ಸೌರಾಷ್ಟ್ರದ ಕಡಲಿನಿಂದ ಕರಾಚಿಯ ಹತ್ತಿರಕ್ಕೆ ಏಕೆ ಎಳೆಯಬಾರದು? ಕಾವಲಿನ ಆಯುಧ ದಾಳಿಯ ಆಯುಧವಾದದ್ದು ಹೀಗೆ. ಯುದ್ಧತಂತ್ರ ಎಂದರೆ ಬಹಳ ಸಲ ಇಷ್ಟೇ: ಕೈಯಲ್ಲಿರುವ ಸಾಧನಕ್ಕೆ ಅದನ್ನು ತಯಾರಿಸಿದವನು ನೆನೆಸದ ಕೆಲಸ ಹಚ್ಚುವುದು.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು, ಯುದ್ಧ ಶುರುವಾಯಿತು. ಮಾರನೆಯ ರಾತ್ರಿಯೇ ‘ಟ್ರೈಡೆಂಟ್’ ಕಾರ್ಯಾಚರಣೆ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಅವುಗಳ ಜೊತೆಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಎರಡು ಹಡಗುಗಳು. ದೋಣಿಗಳ ದಳಕ್ಕೆ ಕಮಾಂಡರ್ ಬಬ್ರುಭಾನ್ ಯಾದವ್ ನಾಯಕರು. ಕಿಲ್ತಾನ್ ಹಡಗಿನ ಕಮಾಂಡರ್ ಹೆಸರನ್ನು ಸ್ವಲ್ಪ ನಿಧಾನವಾಗಿ ಓದಿ: ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಹುಟ್ಟಿದ್ದು ಮದುರೆಯಲ್ಲಿ, ಆದರೆ ಹೆಸರಿನಲ್ಲಿ ಕಾಸರಗೋಡು ಇದೆ. ಪಟ್ಟಣಶೆಟ್ಟಿ ಎಂಬ ಅಡ್ಡಹೆಸರಂತೂ ವಿಜಯಪುರದ ಪೇಟೆಯಲ್ಲಿ ಓಡಾಡಿದವರಿಗೆ ಹೊಸದಲ್ಲ. ಯಾದವ್ ಮತ್ತು ಗೋಪಾಲ ರಾವ್ ಇಬ್ಬರಿಗೂ ಮಹಾವೀರ ಚಕ್ರ ದೊರೆಯಿತು. ಗೋಪಾಲ ರಾವ್ ತೊಂಬತ್ತು ದಾಟಿ ಬದುಕಿ 2021ರಲ್ಲಿ ತೀರಿಕೊಂಡರು.

ಯೋಜನೆಯ ಮರ್ಮ ಗಡಿಯಾರದಲ್ಲಿತ್ತು. ಸೌರಾಷ್ಟ್ರದ ಓಖಾದಿಂದ ಕರಾಚಿ 300 ಕಿಲೋಮೀಟರಿಗೂ ಹೆಚ್ಚು ದೂರ. ಹಗಲಿನಲ್ಲಿ ಹೋದರೆ ಪಾಕಿಸ್ತಾನದ ವಿಮಾನಗಳು ಹದ್ದಿನಂತೆ ಎರಗುತ್ತವೆ. ರಾತ್ರಿಯಲ್ಲಿ ಕಡಲ ಮೇಲಿನ ಹಡಗಿಗೆ ಗುರಿಯಿಟ್ಟು ಹೊಡೆಯುವ ಸಾಮರ್ಥ್ಯ ಅವುಗಳಿಗೆ ಅಷ್ಟಾಗಿ ಇರಲಿಲ್ಲ. ಆದ್ದರಿಂದ ಹಗಲಲ್ಲಿ ಅವುಗಳ ಕೈಗೆ ಸಿಗದಷ್ಟು ದೂರ ಉಳಿದು, ಕತ್ತಲಾದ ಮೇಲೆ ಓಡಿ, ನಡುರಾತ್ರಿಯೊಳಗೆ ಹೊಡೆದು, ಬೆಳಗಾಗುವ ಮುನ್ನ ದೂರ ಸಾಗಿಬಿಡಬೇಕು. ನಾವಿಕರು ರಷ್ಯದಲ್ಲಿ ತರಬೇತಿ ಪಡೆದು ಬಂದಿದ್ದರು. ಕದ್ದು ಕೇಳುವವರಿಗೆ ಗೊಂದಲವಾಗಲೆಂದು ತಮ್ಮತಮ್ಮಲ್ಲಿ ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು.

ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ನಿರ್ಘಾತ್ ಹಾರಿಸಿದ ಕ್ಷಿಪಣಿ ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ಹಡಗಿಗೆ ಬಡಿಯಿತು. ಆಕಾಶದಲ್ಲಿ ಬೆಂಕಿಯ ಗೋಳ ಬರುವುದನ್ನು ಕಂಡ ಖೈಬರಿನವರು ಅದನ್ನು ವಿಮಾನವೆಂದೇ ತಿಳಿದರು. ವಿಮಾನದಿಂದ ದಾಳಿಯಾಗಿದೆ ಎಂದು ಕರಾಚಿಗೆ ತಂತಿ ಕಳಿಸಿದರು. ಗಡಿಬಿಡಿಯಲ್ಲಿ ಹಡಗಿನ ಸ್ಥಳವನ್ನೂ ತಪ್ಪಾಗಿ ತಿಳಿಸಿದರು. ಎರಡನೆಯ ಕ್ಷಿಪಣಿ ಬಡಿದು ಹಡಗು ಮುಳುಗಿತು. ತಪ್ಪು ಸ್ಥಳದಿಂದಾಗಿ ರಕ್ಷಣೆಗೆ ಬಂದವರು ಬೇರೆಲ್ಲೋ ಹುಡುಕಿದರು. ಆ ಹಡಗಿನ 222 ಜನ ಸತ್ತರು. ಅವರೂ ಯಾರದೋ ಮಕ್ಕಳು, ಅಣ್ಣತಮ್ಮಂದಿರು ಎಂಬುದನ್ನು ಗೆದ್ದ ಪಕ್ಷದ ಇತಿಹಾಸ ಓದುವಾಗ ಮರೆಯುವುದು ಸುಲಭ. ಮುಹಾಫಿಜ್ ಎಂಬ ಸಣ್ಣ ಹಡಗಂತೂ ತಂತಿ ಕಳಿಸಲೂ ವ್ಯವಧಾನವಿಲ್ಲದೆ ಚೂರಾಯಿತು, 33 ಜನ ಹೋದರು. ವೀನಸ್ ಚಾಲೆಂಜರ್ ಎಂಬ ಸರಕು ಹಡಗೂ ಮುಳುಗಿತು, ಷಾಜಹಾನ್ ಎಂಬ ಇನ್ನೊಂದು ವಿಧ್ವಂಸಕ ಜಖಂ ಆಯಿತು. ನಮ್ಮ ಕಡೆ ಒಬ್ಬನೂ ಸಾಯಲಿಲ್ಲ. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಈ ಕಾರಣಕ್ಕೆ.

ಇದರ ಪರಿಣಾಮ ಮುಳುಗಿದ ಹಡಗುಗಳ ಎಣಿಕೆಗಿಂತ ದೊಡ್ಡದು. ಕರಾಚಿಯಲ್ಲಿ ಎಲ್ಲರಿಗೂ ಎಲ್ಲೆಲ್ಲೂ ಕ್ಷಿಪಣಿ ದೋಣಿಗಳೇ ಕಾಣತೊಡಗಿದವು. ಡಿಸೆಂಬರ್ 6ರಂದು ಪಾಕಿಸ್ತಾನದ ವಿಮಾನವೇ ಪಾಕಿಸ್ತಾನದ ಝುಲ್ಫಿಕಾರ್ ಹಡಗಿನ ಮೇಲೆ, ಅದು ಭಾರತದ ದೋಣಿಯೆಂದು ತಿಳಿದು, ಗುಂಡಿನ ಮಳೆಗರೆಯಿತು. ಡಿಸೆಂಬರ್ 8ರ ರಾತ್ರಿ ಎರಡನೆಯ ದಾಳಿ, ‘ಪೈಥಾನ್’. ಈ ಸಲ ವಿನಾಶ್ ಎಂಬ ಒಂದೇ ದೋಣಿ, ಜೊತೆಗೆ ತಲವಾರ್ ಮತ್ತು ತ್ರಿಶೂಲ್. ನಾಲ್ಕು ಕ್ಷಿಪಣಿಗಳಲ್ಲಿ ಒಂದು ಕಿಯಾಮರಿಯ ಎಣ್ಣೆ ತೊಟ್ಟಿಗಳಿಗೆ ಬಡಿದು ಬೆಂಕಿ ಎದ್ದಿತು. ಬಂದರಿನಲ್ಲಿದ್ದ ಹೊರದೇಶದ ಸರಕು ಹಡಗುಗಳೂ ಪೆಟ್ಟು ತಿಂದವು. ಕರಾಚಿಗೆ ಬರಲು ವಿದೇಶೀ ಹಡಗುಗಳು ಹಿಂಜರಿದವು. ಬೀಗ ಬಿದ್ದದ್ದು ಈಗ ಕಡಲ ಕಡೆಯ ಬಾಗಿಲಿಗೆ.

ಪೂರ್ವದ ಕಡಲಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಏಕೈಕ ವಿಮಾನವಾಹಕ ಹಡಗು ವಿಕ್ರಾಂತ್‌ನ ಬಾಯ್ಲರ್ ಬಿರುಕುಬಿಟ್ಟಿತ್ತು, ಅದು ಪೂರ್ಣ ವೇಗದಲ್ಲಿ ಓಡಲಾರದು. ಪಶ್ಚಿಮದಲ್ಲಿ ಅದನ್ನು ಇಟ್ಟರೆ ಜಲಾಂತರ್ಗಾಮಿಗಳಿಗೆ ತುತ್ತಾಗಬಹುದು. ಆದ್ದರಿಂದ ಬಂಗಾಳ ಕೊಲ್ಲಿಗೆ ಕಳಿಸಿದರು. ಅದನ್ನು ಹುಡುಕಿ ಮುಳುಗಿಸಲು ಪಾಕಿಸ್ತಾನ ಘಾಜಿ ಎಂಬ ಜಲಾಂತರ್ಗಾಮಿಯನ್ನು ನವೆಂಬರ್ 14ರಂದು ಕರಾಚಿಯಿಂದ ಹೊರಡಿಸಿತು. ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಒಂದು ನಾಟಕ ಹೂಡಿದರು. ವಿಕ್ರಾಂತ್ ಅಂಡಮಾನಿನ ಕಡೆ ಅಡಗಿತ್ತು. ರಜಪೂತ್ ಎಂಬ ಹಳೆಯ ಹಡಗು ವಿಶಾಖಪಟ್ಟಣದ ಹೊರಗೆ ನಿಂತು ತಾನೇ ವಿಕ್ರಾಂತ್ ಎಂಬಂತೆ ಸಂದೇಶಗಳನ್ನು ಬಿತ್ತರಿಸಿತು. ತಾಯಿಯ ಆರೋಗ್ಯ ವಿಚಾರಿಸುವ ನಾವಿಕನೊಬ್ಬನ ಖಾಸಗಿ ತಂತಿಯೂ ಅವುಗಳಲ್ಲಿ ಒಂದಾಗಿತ್ತೆಂದು ಕೃಷ್ಣನ್ ನೆನಪಿಸಿಕೊಂಡಿದ್ದಾರೆ. ಡಿಸೆಂಬರ್ 3ರ ನಡುರಾತ್ರಿ ಕಳೆದ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಹೊರಗೆ ಸ್ಫೋಟಗೊಂಡು, ತನ್ನ ತೊಂಬತ್ತಕ್ಕೂ ಹೆಚ್ಚು ಮಂದಿಯೊಡನೆ ತಳ ಸೇರಿತು. ರಜಪೂತ್ ಎಸೆದ ಜಲಬಾಂಬಿನಿಂದಲೋ, ತಾನೇ ಹಾಸುತ್ತಿದ್ದ ಸಿಡಿಗುಂಡಿನಿಂದಲೋ, ಒಳಗಿನ ಸ್ಫೋಟದಿಂದಲೋ ಎಂಬ ವಾದ ನಡೆಯುತ್ತಲೇ ಇದೆ. ವಿಕ್ರಾಂತ್‌ನ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಬಂದರುಗಳ ಮೇಲೆ ದಾಳಿ ನಡೆಸಿದವು. ಪೂರ್ವ ಪಾಕಿಸ್ತಾನದ ಸೈನ್ಯಕ್ಕೆ ಕಡಲ ದಾರಿ ಮುಚ್ಚಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಕೇವಲ ಗೆಲುವಿನ ಕಥೆ. ಬಹುಪಾಲು ಭಾಷಣಗಳು ಇಲ್ಲೇ ನಿಲ್ಲುತ್ತವೆ ಕೂಡ. ಈಗ ನಷ್ಟದ ಪುಟ ತೆರೆಯೋಣ.

ಪಶ್ಚಿಮ ನೌಕಾದಳದ ಧ್ವಜನೌಕೆಯ ಹೆಸರು ‘ಮೈಸೂರು’. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ‘ನೈಜೀರಿಯಾ’ ಆಗಿದ್ದ ಈ ಕ್ರೂಸರ್ ಹಡಗನ್ನು ಭಾರತ 1957ರಲ್ಲಿ ಪಡೆದು ನಮ್ಮ ರಾಜ್ಯದ ಅಂದಿನ ಹೆಸರಿಟ್ಟಿತು. ಅದರ ಲಾಂಛನದಲ್ಲಿ ಗಂಡಭೇರುಂಡವಿತ್ತು. ಒಂಬತ್ತು ದೊಡ್ಡ ತೋಪುಗಳ ಗತ್ತಿನ ಹಡಗು. ದೊಡ್ಡ ಹಡಗುಗಳು ಗತ್ತಿನಿಂದ ನಿಂತಾಗ ಪುಟ್ಟ ದೋಣಿಗಳು ಕೆಲಸ ಮುಗಿಸಿದ್ದು ಆ ಯುದ್ಧದ ವಿಚಿತ್ರ. ಅದಿರಲಿ. ಯುದ್ಧಕ್ಕೆ ಮುಂಚೆ, ಡಿಸೆಂಬರ್ 2-3ರ ರಾತ್ರಿ, ಈ ದಳ ಮುಂಬಯಿಯಿಂದ ಹೊರಬಂದಾಗ ಕೆಳಗೆ ನೀರಿನಲ್ಲಿ ಒಂದು ಜೋಡಿ ಕಿವಿ ಕೇಳಿಸಿಕೊಳ್ಳುತ್ತಿತ್ತು. ಅದು ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ. ಫ್ರಾನ್ಸಿನಲ್ಲಿ ಕಟ್ಟಿದ, ಸೇವೆಗೆ ಬಂದು ಸುಮಾರು ಎರಡೇ ವರ್ಷವಾಗಿದ್ದ ಡಾಫ್ನೆ ವರ್ಗದ ನೌಕೆ. ಅದರ ಕಮಾಂಡರ್ ಅಹ್ಮದ್ ತಸ್ನೀಮ್. ಪಾಕಿಸ್ತಾನಿ ಬರಹಗಳ ಪ್ರಕಾರ ಇಡೀ ದಳ ಅವರ ಗುರಿಯೊಳಗೆ ಹಾದುಹೋಯಿತು. ಆದರೆ ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ, ಹೊಡೆಯಲು ಅಪ್ಪಣೆಯಿರಲಿಲ್ಲ. ಒಂದು ದಿನದ ಅಂತರ. ಇತಿಹಾಸದಲ್ಲಿ ಇಂಥ ಒಂದು ದಿನಗಳು ಎಷ್ಟೋ ಇವೆ.

ಮುಂದಿನ ದಿನಗಳಲ್ಲಿ ಹಂಗೋರ್ ಕರಾಚಿಗೆ ಕಳಿಸಿದ ರೇಡಿಯೋ ಸಂದೇಶಗಳಿಂದ ಸೌರಾಷ್ಟ್ರದ ಕಡಲಿನಲ್ಲಿ ಜಲಾಂತರ್ಗಾಮಿಯೊಂದು ಇರುವುದು ನಮ್ಮವರಿಗೆ ಗೊತ್ತಾಯಿತು. ಅದನ್ನು ಹುಡುಕಿ ಹೊಡೆಯಲು 14ನೆಯ ಫ್ರಿಗೇಟ್ ದಳವನ್ನು ಕಳಿಸಲಾಯಿತು. ಅದರಲ್ಲಿ ಖುಕ್ರಿ, ಕಿರ್ಪಾನ್, ಕುಠಾರ್ ಎಂಬ ಮೂರು ಹಡಗುಗಳು. ಕುಠಾರ್‌ನ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಗಿ ಅದು ಮೊದಲೇ ಹಿಂದಿರುಗಿತ್ತು. ಉಳಿದದ್ದು ಎರಡು. ದಳದ ನಾಯಕ, ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ.

ಈಗ ಸ್ವಲ್ಪ ವಿಜ್ಞಾನ. ಜಲಾಂತರ್ಗಾಮಿಯನ್ನು ಹುಡುಕುವ ಉಪಕರಣಕ್ಕೆ ಸೋನಾರ್ ಎನ್ನುತ್ತಾರೆ. ಅದರ ತತ್ತ್ವ ತಿಳಿಯಲು ನೀವು ಬೇರೆಲ್ಲೂ ಹೋಗಬೇಕಾಗಿಲ್ಲ, ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿದರೆ ಸಾಕು. ಒಂದು ಚಪ್ಪಾಳೆ ತಟ್ಟಿ. ಧ್ವನಿ ಎದುರಿನ ಗೋಡೆಗೆ ಬಡಿದು ಮರಳುತ್ತದೆ. ಮರಳಲು ಹಿಡಿದ ಸಮಯ ಅಳೆದರೆ ಗೋಡೆ ಎಷ್ಟು ದೂರವೆಂದು ಲೆಕ್ಕ ಹಾಕಬಹುದು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಕಡಲ ನೀರಿನಲ್ಲಿ ಸುಮಾರು 1500 ಮೀಟರ್. ಹಡಗು ನೀರಿನೊಳಗೆ ಚಪ್ಪಾಳೆ ತಟ್ಟುತ್ತದೆ, ಜಲಾಂತರ್ಗಾಮಿಯ ಮೈಗೆ ಬಡಿದ ಪ್ರತಿಧ್ವನಿಗೆ ಕಾಯುತ್ತದೆ. ಅಷ್ಟೇ.

ಆದರೆ ರವಿವಾರದ ಜನಜಂಗುಳಿಯಲ್ಲಿ ಅದೇ ಮೊಗಸಾಲೆಗೆ ಹೋಗಿ ನೋಡಿ. ನೂರು ಜನ ಕೂಗುವಾಗ ನಿಮ್ಮ ಪಿಸುಮಾತು ಯಾರಿಗೆ ಕೇಳುತ್ತದೆ? ಹಡಗಿಗೂ ಅದೇ ತೊಂದರೆ. ವೇಗವಾಗಿ ಓಡಿದರೆ ಅದರದೇ ಯಂತ್ರದ ಸದ್ದು, ನೀರು ಸೀಳುವ ಸದ್ದು ಪ್ರತಿಧ್ವನಿಯನ್ನು ನುಂಗುತ್ತದೆ. ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಬೇಸಿಗೆಯ ಮಧ್ಯಾಹ್ನ ತಿಕೋಟಾದ ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತಂತೆ ಕಾಣುವುದನ್ನು ನೋಡಿದ್ದೀರಲ್ಲ? ಬಿಸಿಯಾದ ಗಾಳಿಯ ಪದರದಲ್ಲಿ ಬೆಳಕು ಬಾಗುವುದರಿಂದ ಹಾಗಾಗುತ್ತದೆ. ಅಲೆಯ ಸ್ವಭಾವ ಅದು, ವೇಗ ಕಡಿಮೆಯಿರುವ ಕಡೆಗೆ ಬಾಗುತ್ತದೆ. ಅರಬ್ಬೀ ಸಮುದ್ರದಂಥ ಬೆಚ್ಚಗಿನ ಕಡಲಿನಲ್ಲಿ ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು. ತಣ್ಣೀರಿನಲ್ಲಿ ಧ್ವನಿಯ ವೇಗ ಕಡಿಮೆ. ಹಾಗಾಗಿ ಹಡಗಿನ ಚಪ್ಪಾಳೆ ನೇರ ಹೋಗದೆ ಕೆಳಕ್ಕೆ ಬಾಗಿಬಿಡಬಹುದು. ದೂರದಲ್ಲಿ ನೆರಳಿನಂಥ ಜಾಗ ಉಂಟಾಗುತ್ತದೆ, ಅಲ್ಲಿ ನಿಂತ ಜಲಾಂತರ್ಗಾಮಿ ಕಾಣಿಸುವುದೇ ಇಲ್ಲ. ಜಲಾಂತರ್ಗಾಮಿಯಾದರೋ ಚಪ್ಪಾಳೆ ತಟ್ಟಬೇಕಾಗಿಲ್ಲ. ಸುಮ್ಮನೆ ಕುಳಿತು ಕಿವಿಗೊಟ್ಟರೆ ಸಾಕು, ಹಡಗಿನ ಯಂತ್ರದ ಸದ್ದು ತಾನಾಗಿ ಬರುತ್ತದೆ. ಹಂಗೋರ್‌ಗೆ ಖುಕ್ರಿ ಕೇಳಿಸುವ ದೂರ, ಖುಕ್ರಿಗೆ ಹಂಗೋರ್ ಕಾಣುವ ದೂರಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಬೇಟೆಗೆ ಹೊರಟವನಿಗೆ ಕಣ್ಣು ಮಂದ, ಬೇಟೆಯ ಕಿವಿ ಚುರುಕು.

ಖುಕ್ರಿ 1958ರಲ್ಲಿ ಸೇವೆಗೆ ಬಂದ ಹಡಗು. ಅದರ ಸೋನಾರಿನ ವ್ಯಾಪ್ತಿ ಹೆಚ್ಚಿಸಲು ನೌಕಾಪಡೆಯ ಯುವ ಅಧಿಕಾರಿಯೊಬ್ಬರು ತಯಾರಿಸಿದ ಉಪಕರಣವೊಂದರ ಪ್ರಯೋಗ ಅದೇ ಹಡಗಿನಲ್ಲಿ ನಡೆಯುತ್ತಿತ್ತು. ಅದು ಕೆಲಸ ಮಾಡಬೇಕಾದರೆ ಹಡಗು ನಿಧಾನವಾಗಿ ಚಲಿಸಬೇಕು. ನಿಧಾನವಾದ ಹಡಗು ಟಾರ್ಪಿಡೋಗೆ ಸುಲಭದ ಗುರಿ. ದೂರ ನೋಡಬೇಕೆಂದರೆ ನಿಧಾನ ಹೋಗಬೇಕು, ಉಳಿಯಬೇಕೆಂದರೆ ಓಡಬೇಕು. ಈ ಇಕ್ಕಟ್ಟಿನಲ್ಲಿ ಕ್ಯಾಪ್ಟನ್ ಮುಲ್ಲಾ ನೋಡುವುದನ್ನು ಆರಿಸಿಕೊಂಡರು.

ಡಿಸೆಂಬರ್ 9, ದೀವ್‌ನಿಂದ ಸುಮಾರು 40 ನಾಟಿಕಲ್ ಮೈಲಿ ದೂರ. ರಾತ್ರಿ ಒಂಬತ್ತಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಕೆಲಸವಿಲ್ಲದ ನಾವಿಕರು ರೇಡಿಯೋ ವಾರ್ತೆ ಕೇಳುತ್ತಿದ್ದರೆಂದು ಬದುಕುಳಿದವರು ನೆನೆಯುತ್ತಾರೆ. ಹಂಗೋರ್‌ನ ಮೊದಲ ಟಾರ್ಪಿಡೋ ಕಿರ್ಪಾನ್ ಕಡೆಗೆ ಹೋಯಿತು, ಸಿಡಿಯದೆ ಹಾದುಹೋಯಿತು. ಎರಡನೆಯದು ಖುಕ್ರಿಯ ಹೊಟ್ಟೆಗೆ ಬಡಿಯಿತು. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಮೂರನೆಯದನ್ನು ಕಿರ್ಪಾನ್ ತಪ್ಪಿಸಿಕೊಂಡಿತು. ಕ್ಯಾಪ್ಟನ್ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನು ನಾವಿಕನೊಬ್ಬನಿಗೆ ಕೊಟ್ಟು, ಆದಷ್ಟು ಜನರನ್ನು ನೀರಿಗೆ ಹಾರಿಸಿ, ತಾವು ಹಡಗಿನಲ್ಲೇ ಉಳಿದರು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಹೋದರು. ಮಾರನೆಯ ದಿನ ಕಿರ್ಪಾನ್ ಮತ್ತು ಕಚ್ಚಲ್ ಬಂದು 67 ಜನರನ್ನು ನೀರಿನಿಂದ ಎತ್ತಿದವು. ಎರಡನೆಯ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲ ಸಲ.

ಕ್ಯಾಪ್ಟನ್ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಧೈರ್ಯಕ್ಕೆ ನಮಸ್ಕರಿಸಿದ ಮೇಲೂ ಒಂದು ಪ್ರಶ್ನೆ ಕೇಳಬೇಕು: ಎರಡೇ ಹಳೆಯ ಹಡಗುಗಳನ್ನು ಹೊಸ ಜಲಾಂತರ್ಗಾಮಿಯ ಬೇಟೆಗೆ ಕಳಿಸಿದ್ದೇಕೆ? ಈ ಪ್ರಶ್ನೆಯನ್ನು ಬದುಕುಳಿದವರೂ ಕೇಳಿದ್ದಾರೆ. ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರ ನೆನಪುಗಳನ್ನು ಸಂಗ್ರಹಿಸಿ ಪುಸ್ತಕವನ್ನೇ ಬರೆದಿದ್ದಾರೆ.

ನನಗೆ ಕಾಣುವ ಉತ್ತರ ಹೀಗಿದೆ. ಪಶ್ಚಿಮ ವಿಭಾಗದ ಮುಖ್ಯಸ್ಥ ವೈಸ್ ಅಡ್ಮಿರಲ್ ಎಸ್.ಎನ್. ಕೊಹ್ಲಿ ಆ ಜಲಾಂತರ್ಗಾಮಿಯನ್ನು ಕಂಡೂ ಕಾಣದಂತೆ ಬಿಡುವಂತಿರಲಿಲ್ಲ. ಮುಂಬಯಿಗೆ ಬರುವ ಸರಕು ಹಡಗುಗಳು, ಕರಾಚಿಗೆ ಹೋಗುವ ಕ್ಷಿಪಣಿ ದೋಣಿಗಳು ಎಲ್ಲವೂ ಅದೇ ದಾರಿಯಲ್ಲಿ ಓಡಾಡುತ್ತಿದ್ದವು. ಬೇಟೆಗೆ ಸರಿಯಾದ ಸಾಧನ ವಿಮಾನ. ಆದರೆ ಜಲಾಂತರ್ಗಾಮಿ ಹುಡುಕುವ ಅಲೀಜ್ ವಿಮಾನಗಳಲ್ಲಿ ಹೆಚ್ಚಿನವು ವಿಕ್ರಾಂತ್ ಜೊತೆ ಬಂಗಾಳ ಕೊಲ್ಲಿಯಲ್ಲಿದ್ದವು. ದೂರಗಾಮಿ ಕಣ್ಗಾವಲು ವಿಮಾನಗಳು ಆಗ ವಾಯುಪಡೆಯ ಕೈಯಲ್ಲಿದ್ದವು. ನೌಕಾಪಡೆಗೆ ಅವು ಸಿಕ್ಕಿದ್ದು 1976ರಲ್ಲಿ. ಸೀಕಿಂಗ್ ಹೆಲಿಕಾಪ್ಟರುಗಳು 1971ರಲ್ಲಿ ಆಗಷ್ಟೇ ಬಂದಿದ್ದವು. ಹಡಗುಗಳ ಪೈಕಿ ಹೊಸತಾದ ಕಿಲ್ತಾನ್, ಕಚ್ಚಲ್ ಅಂಥವು ಕ್ಷಿಪಣಿ ದೋಣಿಗಳ ಕಾವಲಿಗೆ ಹೋಗಿದ್ದವು. ಉಳಿದದ್ದು ಖುಕ್ರಿ, ಕಿರ್ಪಾನ್. ಇರುವ ಒಂದೇ ಕಂಬಳಿಯನ್ನು ತಲೆಗೆಳೆದರೆ ಕಾಲು ಬಯಲಾಗುತ್ತದೆ. ಕರಾಚಿಯಲ್ಲೂ ಬಂಗಾಳ ಕೊಲ್ಲಿಯಲ್ಲೂ ಗೆದ್ದ ಗೆಲುವಿನ ಬೆಲೆಯನ್ನು ದೀವ್‌ನ ಹತ್ತಿರ ಆ 194 ಜನ ತೆತ್ತರು. ಟ್ರೈಡೆಂಟ್ ಮತ್ತು ಖುಕ್ರಿ ಎರಡು ಬೇರೆ ಕಥೆಗಳೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಅವು ಒಂದೇ ಖಾತೆಯ ಜಮೆ ಮತ್ತು ಖರ್ಚು. ಎರಡು ಹಡಗುಗಳ ಬದಲು ಇನ್ನೂ ಕೆಲವನ್ನು ಕೂಡಿಸಿ ಕಳಿಸಬಹುದಿತ್ತೇ, ಪ್ರಯೋಗದ ಉಪಕರಣವನ್ನು ಯುದ್ಧದ ರಾತ್ರಿ ಬದಿಗಿಡಬಹುದಿತ್ತೇ ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಚರ್ಚಿಸುವಾಗ ಒಂದನ್ನು ನೆನಪಿಡಿ: ನಿಮಗೆ ಫಲಿತಾಂಶ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ.

ಖುಕ್ರಿ ಮುಳುಗಿದ್ದರಿಂದ ಕರಾಚಿಯ ಮೇಲೆ ಯೋಚಿಸಿದ್ದ ಮೂರನೆಯ ಕ್ಷಿಪಣಿ ದಾಳಿ ರದ್ದಾಯಿತು. ಹಡಗುಗಳು ನಾಲ್ಕು ದಿನ ಹಂಗೋರ್‌ನ ಬೆನ್ನು ಹತ್ತಿದವು. ಅದು ತಪ್ಪಿಸಿಕೊಂಡು ಕರಾಚಿ ಸೇರಿತು. ಆದರೂ ಯುದ್ಧದ ದಿಕ್ಕು ಬದಲಾಗಲಿಲ್ಲ. ಇದಕ್ಕೆ ಹೋಲಿಸಲು ಇನ್ನೊಂದು ಕಡಲ ಯುದ್ಧ ಇದೆ. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದವು. ಮೇ 2ರಂದು ಬ್ರಿಟನ್ನಿನ ಅಣುಚಾಲಿತ ಜಲಾಂತರ್ಗಾಮಿ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಕ್ರೂಸರನ್ನು ಮುಳುಗಿಸಿತು. 323 ಜನ ಸತ್ತರು. ನಮ್ಮ ಮೈಸೂರಿನಂತೆಯೇ ಅದೂ ದೊಡ್ಡ ತೋಪುಗಳ ಹಳೆಯ ಕಾಲದ ಹಡಗು. ಆ ಒಂದೇ ಪೆಟ್ಟಿಗೆ ಅರ್ಜೆಂಟೀನಾದ ನೌಕಾದಳ ತನ್ನ ವಿಮಾನವಾಹಕದೊಡನೆ ದಡದ ಬಳಿಗೆ ಮರಳಿತು, ಯುದ್ಧ ಮುಗಿಯುವವರೆಗೆ ಹೊರಬರಲಿಲ್ಲ. ಎರಡು ದಿನ ಕಳೆಯುವುದರೊಳಗೆ ಅರ್ಜೆಂಟೀನಾದ ವಿಮಾನ ಹಾರಿಸಿದ ಕ್ಷಿಪಣಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಬಡಿದು 20 ಜನ ಸತ್ತರು. ಬ್ರಿಟನ್ ಹಿಂದೆ ಸರಿಯಲಿಲ್ಲ. ಹಡಗು ಮುಳುಗಿದ ಮೇಲೆ ಉಳಿದ ಹಡಗುಗಳು ಏನು ಮಾಡುತ್ತವೆ ಎಂಬುದರ ಮೇಲೆ ನಷ್ಟದ ತೂಕ ನಿಂತಿದೆ. ಹಂಗೋರ್ ಡಿಸೆಂಬರ್ 2ರ ರಾತ್ರಿಯೇ ಮೈಸೂರನ್ನು ಹೊಡೆದಿದ್ದರೆ ನಮ್ಮ ದಳ ಯಾವ ದಾರಿ ಹಿಡಿಯುತ್ತಿತ್ತೋ ಊಹಿಸುವುದು ಕಷ್ಟ.

ಈ ಯುದ್ಧದ ಒಂದು ಫಲ ನಮ್ಮ ರಾಜ್ಯದಲ್ಲೇ ಇದೆ. ಮುಂಬಯಿಯಲ್ಲಿ ಸರಕು ಹಡಗು, ಯುದ್ಧನೌಕೆ, ಮೀನುದೋಣಿ ಎಲ್ಲ ಇಕ್ಕಟ್ಟಾಗಿ ಸೇರುವುದು ಅಪಾಯವೆಂದು 1971 ತೋರಿಸಿಕೊಟ್ಟಿತು. ಶತ್ರುವಿನ ವಿಮಾನನೆಲೆಗಳಿಂದ ದೂರವಾದ, ನೌಕಾಪಡೆಗೇ ಮೀಸಲಾದ ಬಂದರು ಬೇಕಿತ್ತು. ಕಾರವಾರದಲ್ಲಿ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಹಾಕಿದರು. ಕೆಲಸ ಆಮೆಯ ನಡಿಗೆಯಲ್ಲಿ ಸಾಗಿತು. ಊರು ಬಿಟ್ಟುಕೊಟ್ಟ ಮೀನುಗಾರರ, ರೈತರ ಕಥೆಯೇ ಇನ್ನೊಂದು ಲೇಖನವಾದೀತು. 2005ರ ಮೇ 31ರಂದು ನೆಲೆ ಸೇವೆಗೆ ಬಂತು. ಅದರ ಹೆಸರು ‘ಕದಂಬ’. ಅದೇ ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆತ್ತಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಇದು 1971ರಲ್ಲಿ ಕರಾಚಿಗೆ ಹೋಗಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಸೇವೆಗೆ ಸೇರಿದ್ದೇ 1976ರಲ್ಲಿ. ಆದರೆ ಅದೇ ಕುಲದ್ದು. ನಿಮ್ಮ ಶಾಲೆಯ ಪ್ರವಾಸ ಅತ್ತ ಹೋದರೆ ಹತ್ತಿ ನೋಡಿ. ಅಷ್ಟು ಸಣ್ಣ ದೋಣಿಯಲ್ಲಿ ನಾಲ್ಕು ಕ್ಷಿಪಣಿ ಗೂಡುಗಳ ನಡುವೆ ಮನುಷ್ಯರಿಗೆ ಎಷ್ಟು ಕಡಿಮೆ ಜಾಗ ಉಳಿದಿದೆ ಎಂದು ಗಮನಿಸಿ.

ಕಡಲು ಕಾಣದ ವಿಜಯಪುರದಿಂದಲೂ ನೌಕಾಪಡೆಗೆ ದಾರಿಯಿದೆ. 1963ರ ಸೆಪ್ಟೆಂಬರ್‌ನಲ್ಲಿ ಶುರುವಾದ ಇಲ್ಲಿಯ ಸೈನಿಕ ಶಾಲೆ ಸ್ಥಾಪನೆಯಾದದ್ದೇ ಮಕ್ಕಳನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸಿದ್ಧಗೊಳಿಸಲು. ಅಲ್ಲಿಂದ ಭೂಸೇನೆ, ವಾಯುಪಡೆ, ನೌಕಾಪಡೆ ಮೂರಕ್ಕೂ ಹೋಗಬಹುದು. ಹಂಗೋರ್ ಇಂದು ಕರಾಚಿಯ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ದೀವ್‌ನಲ್ಲಿ ಖುಕ್ರಿಯ ಸ್ಮಾರಕವಿದೆ, ಗಾಜಿನ ಮನೆಯೊಳಗೆ ಹಡಗಿನ ಪುಟ್ಟ ಮಾದರಿ. ಅದೇ ಹೆಸರು ಹೊತ್ತು ನಂತರ ಬಂದ ಎರಡನೆಯ ಖುಕ್ರಿ 2021ರ ಡಿಸೆಂಬರ್‌ನಲ್ಲಿ ನಿವೃತ್ತವಾಗಿ, ಮರುತಿಂಗಳು ದೀವ್‌ಗೇ ಬಂತು. ಮೊದಲ ಖುಕ್ರಿ ತನ್ನ ಕ್ಯಾಪ್ಟನ್ ಮತ್ತು ಜೊತೆಗಾರರೊಡನೆ ಅಲ್ಲಿಂದ ನಲವತ್ತು ನಾಟಿಕಲ್ ಮೈಲಿ ಆಚೆ, ಕಡಲ ತಳದಲ್ಲಿಯೇ ಇದೆ.